ನಿಮ್ಮವರಿಗೆ ಒಪ್ಪುವ ಕೆಲಸ

ರೇನರ್ಸ್ ಲೇನ್, ಲಂಡನ್
4 ಅಕ್ಟೋಬರ್ 1998

ಅಕ್ಕಾ,

ನಮಸ್ಕಾರ. ಕ್ಷೇಮ ಸಮಾಚಾರ ಕೊನೆಗೆ ಬರೆಯುತ್ತೇನೆ. ಮೊದಲು ನನ್ನ ಸಿಟ್ಟು ಇಳಿಯಬೇಕು.

ಗಾರ್ಗಿಯ ಶಾಲೆಯಲ್ಲಿ ಹದಿನೇಳು ತುಂಬಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಮುಂದೆ ಯಾವ ಉದ್ಯೋಗಕ್ಕೆ ಹೋಗುತ್ತೀರಿ ಎಂದು ಕೇಳಿ ಸಲಹೆ ಕೊಡುತ್ತಾರೆ. ಆಮೇಲೆ ಎರಡು ವಾರ ಅಂಥ ಕೆಲಸ ನಡೆಯುವ ಜಾಗಕ್ಕೇ ಕಳಿಸುತ್ತಾರೆ, ಕಣ್ಣಾರೆ ನೋಡಿ ಬರಲಿ ಅಂತ. ಈ ವರ್ಷ ನಮ್ಮಂಥ ಹೊರಗಿನಿಂದ ಬಂದವರ ಮಕ್ಕಳಿಗೆಂದೇ ಬೇರೆ ಸಲಹೆಗಾರ್ತಿಯೊಬ್ಬಳು ಬಂದಿದ್ದಾಳೆ, ಮಿಸೆಸ್ ಪ್ರೆಂಟಿಸ್ ಅಂತ. ನಮ್ಮ ಆಚಾರ ವಿಚಾರಗಳನ್ನು ತಿಳಿದು, ಯಾರ ಮನಸ್ಸೂ ನೋಯದಂತೆ ದಾರಿ ತೋರಿಸಲು ತರಬೇತಿ ಪಡೆದವಳಂತೆ. ಶಾಲೆಯ ಸುತ್ತೋಲೆ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ.

ಮೊನ್ನೆ ಗಾರ್ಗಿ ಅವಳನ್ನು ಕಂಡು ಬಂದಳು. ಮುಖ ಬಾಡಿತ್ತು. ಕೈಯಲ್ಲಿ ಔಷಧಿ ಅಂಗಡಿಯ ಕೆಲಸ, ಕನ್ನಡಕದ ಕೆಲಸ, ಅಕೌಂಟ್ಸ್ ಕೆಲಸ ಅಂತ ಬಣ್ಣಬಣ್ಣದ ಕಿರುಹೊತ್ತಿಗೆಗಳು.

"ನೀನು ಕೇಳಿದ್ದು ಇದನ್ನೇ ಏನು?"

"ನೋ, ಅಪ್ಪಾ. ನಾನು ಕೇಳಿದ್ದು ನಮ್ಮ ಕಲ್ಚರ್‌ಗೆ ಒಪ್ಪಲ್ಲ ಅಂದ್ರು. ಲೀವ್ ಇಟ್."

ಅಷ್ಟು ಹೇಳಿ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳು ಬಾಯಿ ಬಿಡದಿದ್ದರೇನು, ಹೆತ್ತವನಿಗೆ ತಿಳಿಯದೇ? ಸರ್ಜನ್ ಆಗುತ್ತೇನೆ ಅಂದಿರುತ್ತಾಳೆ. ನಿಮ್ಮವರಲ್ಲಿ ಹೆಣ್ಣುಮಕ್ಕಳಿಗೆ ಅದು ಕಷ್ಟ, ಮದುವೆ, ಮನೆ ಅಂತ ಇರುತ್ತದಲ್ಲ ಎಂದು ಆ ಹೆಂಗಸು ನಯವಾಗಿ ನಕ್ಕಿರುತ್ತಾಳೆ. ಆ ನಗೆಯನ್ನು ನಾನು ಬಲ್ಲೆ.

ನಿನಗೆ ಬರೆದದ್ದು ನೆನಪಿದೆಯೋ ಇಲ್ಲವೋ. 1974ರಲ್ಲಿ ನಾನು ಸರ್ಜರಿ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ಮೇಜಿನ ಆಚೆ ಕೂತ ದೊಡ್ಡ ಡಾಕ್ಟರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನಿಮ್ಮ ದೇಶದಲ್ಲಿ ಹಿರಿಯರನ್ನು ದೇವರ ಹಾಗೆ ನೋಡಿಕೊಳ್ಳುತ್ತೀರಂತೆ. ಎಂಥ ಸುಂದರ ಸಂಸ್ಕೃತಿ! ಮುದುಕರ ವಾರ್ಡು ನಿಮಗೆ ಹೇಳಿ ಮಾಡಿಸಿದ ಜಾಗ" ಅಂದರು. ಹೊರಗೆ ಬೆಂಚಿನ ಮೇಲೆ ಒಬ್ಬ ತಮಿಳ, ಒಬ್ಬ ಪಂಜಾಬಿ, ಒಬ್ಬ ಸಿಂಹಳ ಕೂತಿದ್ದರು. ಎಲ್ಲರ ಸಂಸ್ಕೃತಿಯನ್ನೂ ಆವತ್ತು ಹಾಗೇ ಹೊಗಳಿದರು, ಎಲ್ಲರನ್ನೂ ಮುದುಕರ ವಾರ್ಡಿಗೇ ಕಳಿಸಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿದವನಿಗೆ ಏನು ಹೇಳುವುದು? ಇಪ್ಪತ್ತನಾಲ್ಕು ವರ್ಷ ಆ ವಾರ್ಡಿನಲ್ಲೇ ಕಳೆದಿದ್ದೇನೆ. ನನಗಾದದ್ದು ನನ್ನ ಮಗಳಿಗೆ ಆಗಲು ಬಿಡುವುದಿಲ್ಲ.

ಹೆಡ್ ಟೀಚರ್‌ಗೆ ನಾಲ್ಕು ಪುಟ ಬರೆದಿದ್ದೇನೆ. ಪ್ರತಿಗಳು ಕೌನ್ಸಿಲ್‌ಗೂ ನಮ್ಮ ಎಂ.ಪಿ.ಗೂ ಹೋಗಿವೆ.

ಇಲ್ಲಿ ಎಲ್ಲ ಕ್ಷೇಮ.

ನಿನ್ನ ತಮ್ಮ
ಪಾಂಡುರಂಗ


ಮಾಳಮಡ್ಡಿ, ಧಾರವಾಡ
22 ಅಕ್ಟೋಬರ್ 1998

ಪಾಂಡೂ,

ನಿನ್ನ ಪತ್ರ ಮುಟ್ಟಿತು. ಲಕೋಟೆ ಇನ್ನೂ ಬಿಸಿ ಇತ್ತು. ನಮ್ಮ ಪೋಸ್ಟ್‌ಮನ್ ಮಹಾಲಿಂಗಪ್ಪನ ಕೈ ಸುಟ್ಟಿರಬೇಕು.

1974ರ ಸಂಗತಿ ಚೆನ್ನಾಗಿ ನೆನಪಿದೆ. ನೀನು ಆಗ ಬರೆದದ್ದು ಎರಡೇ ಸಾಲು. ಈ ನಾಲ್ಕು ಪುಟಗಳನ್ನು ಆ ದೊಡ್ಡ ಡಾಕ್ಟರಿಗೆ ಬರೆಯಬೇಕಾಗಿತ್ತು, ತಡವಾಗಿ ಬೇರೆಯವರಿಗೆ ಬರೆದಿದ್ದಿ ಅನ್ನಿಸಿತು. ಬರೆದದ್ದು ತಪ್ಪು ಅನ್ನುತ್ತಿಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸಿದವಳು ನಾನು. ಯಾವ ಹುಡುಗಿಗೆ ಏನು ಬೇಕು ಅನ್ನುವುದನ್ನು ಆ ಹುಡುಗಿ ಒಬ್ಬಳನ್ನು ಬಿಟ್ಟು ಊರೆಲ್ಲ ಹೇಳುವುದನ್ನು ಕಣ್ಣಾರೆ ಕಂಡಿದ್ದೇನೆ.

ಒಂದು ಮಾತು. ನೀನು ಗಾರ್ಗಿಯನ್ನು ಸರಿಯಾಗಿ ಕೂಡಿಸಿಕೊಂಡು ಕೇಳಿದಿ ಏನು? 'ಸರ್ಜನ್ ಅಂದಿರುತ್ತಾಳೆ' ಅಂತ ಬರೆದಿದ್ದಿ. ಅಂದಳೋ, ಅಂದಿರುತ್ತಾಳೋ?

ಆಗಸ್ಟ್‌ದಾಗ ಅವಳು ಇಲ್ಲಿ ಬಂದಿದ್ದಾಗ ದಿನಾ ಮಧ್ಯಾಹ್ನ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದೆ. ಬೆನ್ನು ಕೊಟ್ಟು ಕೂತ ಹುಡುಗಿಯರು ಬಹಳ ಮಾತಾಡುತ್ತಾರೆ, ಮುಖ ಕಾಣುವುದಿಲ್ಲವಲ್ಲ. ಅವಳು ಏನು ಹೇಳಿದಳು ಅಂತ ನಾನು ಬರೆಯುವುದಿಲ್ಲ. ಅದು ಅವಳ ಮಾತು, ಅವಳ ಬಾಯಿಂದಲೇ ಕೇಳು. ಕೇಳುವ ತನಕ ಆ ಸಲಹೆಗಾರ್ತಿಯ ಹತ್ತಿರ ಒಬ್ಬನೇ ಹೋಗಬೇಡ.

ಅಕ್ಕ
ಸುಶೀಲಾ


ರೇನರ್ಸ್ ಲೇನ್
10 ನವೆಂಬರ್ 1998

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನನ್ನ ಪತ್ರ ಓದಿ ಶಾಲೆಗೆ ನಡುಕ ಹುಟ್ಟಿದೆ! ಮಿಸೆಸ್ ಪ್ರೆಂಟಿಸ್ ತಾನೇ ಫೋನು ಮಾಡಿ ಬರುವ ಗುರುವಾರ ಬನ್ನಿ ಅಂದಳು.

ನೀನು ಹೇಳಿದಂತೆ ಗಾರ್ಗಿಯನ್ನು ಕೇಳಿದೆ. "ಅಪ್ಪಾ, ಪ್ಲೀಸ್, ಹೋಗಬೇಡ" ಅಂದಳು. ಮತ್ತೆ ಕೇಳಿದರೆ ಕಣ್ಣಲ್ಲಿ ನೀರು. ಅಧಿಕಾರದಲ್ಲಿದ್ದವರನ್ನು ಎದುರಿಸುವುದೆಂದರೆ ನಮ್ಮ ಮಕ್ಕಳಿಗೆ ಎಂಥ ಭಯ! ಇಲ್ಲೇ ಹುಟ್ಟಿದರೂ ಹೋಗಿಲ್ಲ.

ನೀವಿಬ್ಬರೂ ಕೂಡಿ ಏನೋ ಮುಚ್ಚಿಡುತ್ತಿದ್ದೀರಿ. ಹುಡುಗ ಗಿಡುಗ ಅಂತ ಏನೂ ಇಲ್ಲವಷ್ಟೇ? ಗೆಳೆಯ ರಾಮಪ್ರಸಾದನ ಹೆಂಡತಿ ಉಷಾಳನ್ನು ಕೇಳಿ ನೋಡೋಣ ಅಂತಿದ್ದೇನೆ. ಎರಡು ವರ್ಷದ ಹಿಂದೆ ಜಯಾ ಹೋದಾಗ ಸ್ವಂತ ತಂಗಿಯಂತೆ ನಿಂತು ಅವಳನ್ನು ಸಿಂಗರಿಸಿ ಕಳಿಸಿಕೊಟ್ಟವಳು. ತಾಯಿಯಿಲ್ಲದ ಹುಡುಗಿ ಅವಳ ಹತ್ತಿರವಾದರೂ ಬಾಯಿ ಬಿಟ್ಟಾಳು.

ಗುರುವಾರದ ಯುದ್ಧವರ್ಣನೆ ಮುಂದಿನ ಪತ್ರದಲ್ಲಿ ವಿವರವಾಗಿ.

ಪಾಂಡು


ಧಾರವಾಡ
8 ಡಿಸೆಂಬರ್ 1998

ಪಾಂಡೂ,

ಯುದ್ಧ ಏನಾಯಿತು? ಮಹಾಲಿಂಗಪ್ಪ ಈಗ ನಮ್ಮ ಗೇಟಿನ ಮುಂದೆ ಸೈಕಲ್ಲಿನಿಂದ ಇಳಿಯದೇ "ಇಲ್ರೀ ಬಾಯಾರ" ಅಂತ ಕೂಗಿ ಹೋಗುತ್ತಾನೆ.

ಸುಶೀಲಾ


ರೇನರ್ಸ್ ಲೇನ್
19 ಡಿಸೆಂಬರ್ 1998

ಅಕ್ಕಾ,

ತಡವಾಯಿತು. ಚಳಿ ವಿಪರೀತ. ವಾರ್ಡಿನಲ್ಲಿ ಹಾಸಿಗೆ ಖಾಲಿ ಇಲ್ಲ. ಕಳೆದ ಭಾನುವಾರ ಸೌತ್‌ಹಾಲ್‌ಗೆ ಹೋಗಿದ್ದೆ. ಜೋಳದ ಹಿಟ್ಟು ಸಿಕ್ಕಿತು, ಆದರೆ ಹಳೆಯದು, ರೊಟ್ಟಿ ಬಡಿಯಲು ಹೋದರೆ ಬಿರಿಯುತ್ತದೆ.

ಶಾಲೆಯ ವಿಷಯ ಮುಗಿಯಿತು. ಮಿಸೆಸ್ ಪ್ರೆಂಟಿಸ್ ತಿಳಿವಳಿಕೆಯ ಹೆಂಗಸು, ನಾನೇ ಅವಸರಪಟ್ಟೆ. ಗಾರ್ಗಿ ಹ್ಯಾರೋದ ಒಂದು ಔಷಧಿ ಅಂಗಡಿಗೆ ಹೋಗಿ ಬರುತ್ತಾಳೆ. ಅದೂ ಒಳ್ಳೆಯದೇ.

ನಿನ್ನ ಮಂಡಿನೋವು ಹೇಗಿದೆ? ಮುಲಾಮು ಕಳಿಸಲೇ?

ಪಾಂಡು


ಧಾರವಾಡ
11 ಜನವರಿ 1999

ಪಾಂಡುರಂಗ,

ನನ್ನ ಮಂಡಿಯ ಮಾತು ಬಿಡು.

ನಿನ್ನೆ ಗಾರ್ಗಿ ಫೋನು ಮಾಡಿದ್ದಳು. ಅವಳು ಅಳುತ್ತಿದ್ದರೆ ನನಗೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ಅಳಲಿಲ್ಲ. "ಅತ್ಯಾ, ಅಪ್ಪ ಅವರಿಗೆ ಥ್ಯಾಂಕ್ಸ್ ಹೇಳಿ ಬಂದಾರ" ಅಂದಳು. ಆ ಹೆಂಗಸೇ ಮರುದಿನ ಅವಳನ್ನು ಕರೆದು ಸಂತೋಷದಿಂದ ಹೇಳಿದಳಂತೆ, ನಿಮ್ಮ ತಂದೆಯೂ ನಾನೂ ಒಂದೇ ಅಭಿಪ್ರಾಯದವರು ಅಂತ.

ನಾನು ಫೋನು ಇಟ್ಟು ಕೂತವಳು ಕೂತೇ ಇದ್ದೆ. ಹಾಲು ಉಕ್ಕಿ ಒಲೆ ಆರಿದ್ದು ಗೊತ್ತಾಗಲಿಲ್ಲ.

ಈಗ ನಿನಗೆ ಗೊತ್ತಾಗಿದೆ, ಆದ್ದರಿಂದ ನಾನೂ ಬರೆಯುತ್ತೇನೆ. ಅವಳು ಕೇಳಿದ್ದು ಸತ್ತವರನ್ನು ತೊಳೆದು, ಬಟ್ಟೆ ಉಡಿಸಿ, ಕೊನೆಯ ದರ್ಶನಕ್ಕೆ ಸಿದ್ಧಮಾಡುವ ಕೆಲಸ. ನಿಮ್ಮಲ್ಲಿ ಅದಕ್ಕೆಂದೇ ಮನೆಗಳು ಇವೆಯಂತಲ್ಲ, ಎರಡು ವಾರ ಅಂಥ ಕಡೆ ಕಳಿಸಿ ಅಂದಳು. ನಿಮ್ಮಲ್ಲಿ ಹೆಣ ಮುಟ್ಟುವುದು ಮೈಲಿಗೆ, ನಿನ್ನ ಮನೆಯವರ ಮನಸ್ಸು ನೋಯಿಸಲಾರೆ ಅಂದಳು ಆ ಹೆಂಗಸು. ನನಗೂ ಆಗಸ್ಟ್‌ದಾಗ ಮೊದಲು ಕೇಳಿದಾಗ ಕೈಯಿಂದ ಬಾಚಣಿಗೆ ಬಿತ್ತು. ಸುಳ್ಳು ಹೇಳುವುದಿಲ್ಲ. "ಏ ಹುಚ್ಚಿ, ನಮ್ಮ ಮನಿ ಹೆಣ್ಣುಮಕ್ಕಳು ಆ ಕೆಲಸ ಮಾಡ್ತಾರೇನ?" ಅಂದೆ. ಆಗ ಅವಳು ಹೇಳಿದ್ದನ್ನು ನೀನು ಇವತ್ತು ಕೇಳಬೇಕು.

ಜಯಾ ಹೋದಾಗ ನೀನು ಬರೆದಿದ್ದಿ: ಉಷಾ ಮತ್ತು ಗೆಳತಿಯರು ಮುತ್ತೈದೆಗೆ ತಕ್ಕಂತೆ ಎಲ್ಲ ಮಾಡಿದರು, ಇಳಕಲ್ ಸೀರೆ, ಹಸಿರು ಬಳೆ, ಗಲ್ಲಕ್ಕೆ ಅರಿಷಿಣ, ಉಡಿಯಲ್ಲಿ ಅಕ್ಕಿ ಕೊಬ್ಬರಿ, ಮದುವೆಯ ದಿನದ ಜಯಾಳೇ ಮಲಗಿದಂತೆ ಇತ್ತು ಅಂತ. ಅದನ್ನು ಓದಿ ನಾನು ಆ ಮೈಸೂರಿನ ಹೆಣ್ಣುಮಗಳನ್ನು ಮನಸ್ಸಿನಲ್ಲೇ ಹರಸಿದ್ದೆ.

ಜಯಾಳನ್ನು ಇಟ್ಟಿದ್ದ ಕೋಣೆಯ ಒಳಗೆ ಅವರು ಯಾರೂ ಹೋಗಲಿಲ್ಲ, ಪಾಂಡೂ. ಬಾಗಿಲ ತನಕ ಬಂದು ನಿಂತರು. ಒಳಗೆ ಹೋದವಳು ನಿನ್ನ ಮಗಳು, ಹದಿನೈದು ವರ್ಷದವಳು. ಅಲ್ಲಿ ಆ ಕೆಲಸ ಮಾಡುವ ಬಿಳಿಯ ಹೆಂಗಸು ಪಾಪ ಗೊತ್ತಿಲ್ಲದೆ ಸೀರೆಯನ್ನು ಜಮಖಾನೆಯ ಹಾಗೆ ಸುತ್ತಿಟ್ಟಿದ್ದಳಂತೆ. "ಅಮ್ಮನ್ನ ಪಾರ್ಸಲ್ ಮಾಡಿದ್ರು, ಅತ್ಯಾ" ಅಂದಳು ಗಾರ್ಗಿ. ಪೂರಾ ಬಿಚ್ಚಿಸಿ, ಆ ಹೆಂಗಸಿನ ಸಹಾಯ ತೆಗೆದುಕೊಂಡು ಮತ್ತೆ ಉಡಿಸಿದಳು. ಬಳೆ ಏರಲಿಲ್ಲ, ಕೈ ಬಿಗಿದಿತ್ತು. ನಮ್ಮ ಸುಭಾಸ ರಸ್ತೆಯ ಬಳೆಗಾರ ಮಾಡುವಂತೆ ಸಾಬೂನು ಹಚ್ಚಿ, ಬೆರಳು ಒತ್ತಿ ಹಿಡಿದು, ಒಂದೂ ಒಡೆಯದಂತೆ ಏರಿಸಿದಳು. ಬಳೆ ಒಡೆಯಬಾರದು ಅಂತ ನಾನೇ ಅವಳಿಗೆ ಎಂದೋ ಹೇಳಿದ್ದೆನಂತೆ.

ಆಮೇಲೆ ಅವಳು ಅಂದ ಮಾತು: "ಅಮ್ಮನ ಕೈ ತಣ್ಣಗಿತ್ತು, ಆದ್ರ ಅಮ್ಮನ ಕೈನೇ ಇತ್ತು. ಎಲ್ಲಾರೂ ಯಾಕ ಹೆದರಿದ್ರು?"

ನೀನು ಆಗ ಎಲ್ಲಿದ್ದಿ? ಹೊರಗೆ ರಾಮಪ್ರಸಾದನ ಜೊತೆ ನಿಂತಿದ್ದಿಯಂತೆ. ನಾನು ಅದನ್ನು ತಪ್ಪು ಅನ್ನುವುದಿಲ್ಲ, ಹೆಂಡತಿ ಸತ್ತವನು ಎಲ್ಲಿ ನಿಂತರೂ ಸರಿಯೇ. ಆದರೆ ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನಲ್ಲಿ ದಿನವಿಡೀ ಹೆಣ ಕೊಯ್ದು ಬಂದ ನಿನಗೆ ಅವ್ವ ಬಿಸಿನೀರು ಕಾಯಿಸಿ, ಸ್ನಾನ ಮಾಡಿಸಿ, ಬಿಸಿ ರೊಟ್ಟಿ ಹಾಕಿದಳು. ನನ್ನ ಮಗ ಡಾಕ್ಟರ ಅಂತ ಓಣಿಗೆಲ್ಲ ಹೇಳಿದಳು. ಮಗನ ಕೈಗೆ ಹತ್ತದ ಮೈಲಿಗೆ ಮೊಮ್ಮಗಳ ಕೈಗೆ ಎಲ್ಲಿಂದ ಬಂತು?

ಇನ್ನೊಂದು ಕೇಳುತ್ತೇನೆ. 1974ರಲ್ಲಿ ಆ ದೊಡ್ಡ ಡಾಕ್ಟರಿಗೂ ನೀನು ಹೋಗುವಾಗ ಥ್ಯಾಂಕ್ಸ್ ಹೇಳಿದ್ದಿಯಾ?

ಸುಶೀಲಾ


ರೇನರ್ಸ್ ಲೇನ್
7 ಫೆಬ್ರವರಿ 1999

ಅಕ್ಕಾ,

ನಿನ್ನ ಕಾಗದವನ್ನು ಕಾರಿನಲ್ಲಿ ಕೂತು ಓದಿದೆ. ಬಹಳ ಹೊತ್ತಿನ ತನಕ ಆಸ್ಪತ್ರೆಯ ಒಳಗೆ ಕಾಲಿಡಲು ಆಗಲಿಲ್ಲ.

ಆ ಗುರುವಾರ ನಡೆದದ್ದನ್ನು ಬರೆಯುತ್ತೇನೆ. ಮಿಸೆಸ್ ಪ್ರೆಂಟಿಸ್ ಕೈ ಕುಲುಕಲಿಲ್ಲ, ನಮ್ಮವರಿಗೆ ಮುಜುಗರವಾದೀತೆಂದು ಕೈಜೋಡಿಸಿ ನಮಸ್ತೆ ಅಂದಳು. ಬಿಸ್ಕತ್ತಿನ ತಟ್ಟೆ ಮುಂದಿಟ್ಟು, ಮೊಟ್ಟೆ ಇಲ್ಲದ್ದು, ಕೇಳಿಯೇ ತಂದೆ ಅಂದಳು. ನಾನು ನಾಲ್ಕು ಪುಟಗಳ ಪ್ರತಿಯನ್ನು ಬಿಚ್ಚುತ್ತಿದ್ದೆ. ಅಷ್ಟರಲ್ಲಿ ಅವಳೇ ಶುರುಮಾಡಿದಳು: "ಡಾಕ್ಟರ್, ನಿಮ್ಮ ಕುಟುಂಬಗಳಲ್ಲಿ ಇಂಥ ನಿರ್ಧಾರ ಎಲ್ಲರೂ ಕೂಡಿ ಮಾಡುವುದಲ್ಲವೇ? ಆದ್ದರಿಂದ ನಿಮಗೆ ಗೊತ್ತೇ ಇರುತ್ತದೆ. ಅವಳು ಹೆಣ ಸಿಂಗರಿಸುವ ಕೆಲಸ ಕೇಳಿದಾಗ ನನಗೆ ನಿಮ್ಮ ಬಗ್ಗೆ ತುಂಬ ಮರುಕವಾಯಿತು."

ಅಕ್ಕಾ, ನನ್ನ ಮಗಳ ಬಾಯಿಂದ ನಾನು ಕೇಳಬೇಕಾದದ್ದನ್ನು ಮೊಟ್ಟೆ ಇಲ್ಲದ ಬಿಸ್ಕತ್ತಿನ ಜೊತೆ ಆ ಹೆಂಗಸಿನಿಂದ ಕೇಳಿದೆ. ಕಾಗದ ಮಡಚಿ ಜೇಬಿಗೆ ಹಾಕಿದೆ. ನೀವು ಮಾಡಿದ್ದು ಸರಿ ಅಂದೆ. ಥ್ಯಾಂಕ್ಸ್ ಅಂದೆ. ಮನೆಗೆ ಬಂದು ಗಾರ್ಗಿಗೆ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇಬ್ಬರೂ ಟಿವಿ ನೋಡಿದೆವು.

ನಿನ್ನ ಕಾಗದ ಬಂದ ಸಂಜೆ ಉಷಾಳ ಮನೆಗೆ ಹೋದೆ. ಜಯಾಳಿಗೆ ಸೀರೆ ಉಡಿಸಿದವರು ಯಾರು ಅಂತ ನೇರವಾಗಿ ಕೇಳಿದೆ. ಅವಳು ಮಾಡುತ್ತಿದ್ದ ಕಾಫಿ ಬಿಟ್ಟು ಬಂದು ಎದುರು ಕೂತಳು.

"ಡಾಕ್ಟ್ರೇ, ಆಗ ನಮ್ಮ ಮಗಳು ಸಿರಿಶಾ ಚೊಚ್ಚಲ ಬಸುರಿ. ಹೆಣ ಮುಟ್ಟಿದ ಕೈಯಲ್ಲಿ ಅವಳಿಗೆ ಅನ್ನ ಬಡಿಸಬೇಡ ಅಂತ ನಮ್ಮಮ್ಮ ಮೈಸೂರಿಂದ ಫೋನ್ ಮಾಡಿ ಹೇಳಿದ್ರು. ಉಳಿದವರೂ ಒಂದೊಂದು ನೆಪ ಹೇಳ್ಕೊಂಡು ನಿಂತ್ರು. ಗಾರ್ಗಿ ನಮ್ಮ ಮುಖಾನೆಲ್ಲ ಒಂದ್ಸಲ ನೋಡಿದ್ಲು, ಬಟ್ಟೆ ಚೀಲ ಇಸ್ಕೊಂಡು ಒಳಗೆ ಹೋದ್ಲು. ನೀವು ಬಂದು ನಂಗೆ ಕೈಮುಗಿದ್ರಲ್ಲ, ಆವಾಗ ಹೇಳೋಣ ಅಂದ್ಕೊಂಡೆ. ಬಾಯಿ ಬರ್ಲಿಲ್ಲ."

"ಬೈಯಿರಿ ಡಾಕ್ಟ್ರೇ, ಸುಮ್ನಿರಬೇಡಿ" ಅಂದಳು. ಬೈಯಲು ನನಗೆ ಯಾವ ಮುಖವಿತ್ತು? ಅವಳಾದರೂ ಬಾಗಿಲ ತನಕ ಹೋಗಿದ್ದಳು.

ಮರುದಿನ ಗಾರ್ಗಿಯನ್ನು ಕೇಳಿದೆ. "ನಿನಗೆ ಏನು ಬೇಕು, ಮಗಾ?" ಅವಳು ನನ್ನ ಮುಖವನ್ನೇ ಪರೀಕ್ಷಿಸಿ ನೋಡಿದಳು. ಇದರಲ್ಲಿ ಏನೋ ಮೋಸವಿದೆ ಅಂತ ಅನ್ನಿಸಿರಬೇಕು. ಆಮೇಲೆ ಹೇಳಿದಳು. ಇಂಗ್ಲಿಷಿನಲ್ಲಿ ಶುರುಮಾಡಿ ಎಲ್ಲೋ ನಡುವೆ ಕನ್ನಡಕ್ಕೆ ಬಂದಳು. ನಾನು ನಡುವೆ ಬಾಯಿ ಹಾಕಲಿಲ್ಲ. ನನಗೆ ಹೆದರಿಕೆಯಾಯಿತು ಅನ್ನುವುದನ್ನೂ ಮುಚ್ಚಿಡಲಿಲ್ಲ. ಇವಳನ್ನು ಯಾರು ಮದುವೆಯಾಗುತ್ತಾರೆ, ಯಾರು ಮನೆಗೆ ಊಟಕ್ಕೆ ಕರೆಯುತ್ತಾರೆ ಅಂತ ಮನಸ್ಸು ಓಡಿತು, ಅದನ್ನೂ ಹೇಳಿದೆ. "ಐ ನೋ, ಅಪ್ಪಾ" ಅಂದಳು. ಅದನ್ನೆಲ್ಲ ಅವಳು ನನಗಿಂತ ಮೊದಲೇ ಯೋಚಿಸಿಟ್ಟಿದ್ದಾಳೆ.

ಸೋಮವಾರ ಅವಳನ್ನೂ ಕರೆದುಕೊಂಡು ಮಿಸೆಸ್ ಪ್ರೆಂಟಿಸ್ ಹತ್ತಿರ ಹೋದೆ. ಮತ್ತೆ ನಮಸ್ತೆ. ನಾನು ಒಂದೇ ಪ್ರಶ್ನೆ ಕೇಳಿದೆ.

"ಇಂಗ್ಲಿಷ್ ಹುಡುಗಿಯೊಬ್ಬಳು ಈ ಕೋಣೆಯಲ್ಲಿ ನಿಮಗೆ ಹೇಳಿದ್ದನ್ನು ಅವಳ ತಂದೆಗೆ ಹೇಳುತ್ತೀರಾ?"

"ಖಂಡಿತ ಇಲ್ಲ! ಇಲ್ಲಿ ಆಡಿದ ಮಾತು ಗೋಪ್ಯ."

"ಮತ್ತೆ ನನ್ನ ಮಗಳದ್ದು?"

"ಅದು… ನಿಮ್ಮ ಸಂಸ್ಕೃತಿಯಲ್ಲಿ…" ಅಂದವಳು ಅಲ್ಲಿಗೇ ನಿಂತಳು. ಕೆಟ್ಟವಳಲ್ಲ, ಅಕ್ಕಾ. ಅವಳಿಗೆ ಆ ಕ್ಷಣದ ತನಕ ಅದು ಹೊಳೆದೇ ಇರಲಿಲ್ಲ. ನನ್ನನ್ನು ಬೆಚ್ಚಿಸಿದ್ದು ಅದೇ. 1974ರ ಮನುಷ್ಯನಿಗೆ ನಮ್ಮ ಬಗ್ಗೆ ತಾತ್ಸಾರ ಇತ್ತು. ಇವಳಿಗೆ ಗೌರವ ಇದೆ. ಬಾಗಿಲು ಮಾತ್ರ ಅದೇ ಬಾಗಿಲು, ಮುಚ್ಚಿದ್ದೂ ಹಾಗೆಯೇ. ಈ ಸಲ ಒಳಗಿನಿಂದ ಚಿಲಕ ಹಾಕಿದವನು ನಾನು.

ಸ್ವಲ್ಪ ಸುಧಾರಿಸಿಕೊಂಡು ಪೆನ್ನು ಹಿಡಿದಳು. "ಹಾಗಾದರೆ ಹಿಂದೂಗಳಿಗೆ ಈ ಕೆಲಸಕ್ಕೆ ಆಕ್ಷೇಪಣೆ ಇಲ್ಲ ಅಂತ ಬರೆದುಕೊಳ್ಳಲೇ?"

"ಇದೆ. ಬೇಕಾದಷ್ಟಿದೆ. ನನಗೇ ಇದೆ. ಅವಳಿಗೆ ಇದೆಯೇ ಅಂತ ಅವಳನ್ನು ಕೇಳಿ" ಅಂದೆ.

ಗಾರ್ಗಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು, ಸಾಕು ಸುಮ್ಮನಿರು ಅಂತ. ಔಷಧಿ ಅಂಗಡಿಯ ಬದಲು ಮಾರ್ಚ್ ತಿಂಗಳಲ್ಲಿ ಎರಡು ವಾರ ಕೊಲಿಂಡೇಲ್‌ನಲ್ಲಿ ಹೆಣ ಸಿದ್ಧಮಾಡುವ ಒಂದು ಕಡೆ ಹೋಗುತ್ತಾಳೆ.

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ: ಹೌದು, ಹೇಳಿದ್ದೆ.

ಪಾಂಡು


ರೇನರ್ಸ್ ಲೇನ್
15 ಜೂನ್ 2003

ಅಕ್ಕಾ,

ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ಪ್ರಶ್ನೆ ಕೇಳುತ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳವಾರ ಬೆಳಿಗ್ಗೆ ರಾಮಪ್ರಸಾದನ ಫೋನು ಬಂತು. ಉಷಾಳ ತಾಯಿ ತಂದೆ ಮೈಸೂರಿನಿಂದ ಬಂದು ಅವರ ಮನೆಯಲ್ಲೇ ಇದ್ದರಲ್ಲ.

"ಪಾಂಡುರಂಗ, ಗಾರ್ಗಿ ಇದ್ದಾಳಾ?"

"ಯಾರಿಗೆ ಹುಷಾರಿಲ್ಲ? ನಾನೇ ಬರ್ತೀನಿ."

"ನೀನಲ್ಲಪ್ಪಾ. ಗಾರ್ಗಿ ಬೇಕು."

ಅಜ್ಜಿ ಕಾಫಿ ಕುಡಿಯುತ್ತಾ ಕೂತಲ್ಲೇ ಹೋಗಿಬಿಟ್ಟಿದ್ದರು. ಅಂದು ಮೈಸೂರಿನಿಂದ ಫೋನು ಮಾಡಿ ಮಗಳನ್ನು ಬಾಗಿಲಲ್ಲೇ ನಿಲ್ಲಿಸಿದ ಅದೇ ಅಜ್ಜಿ. ಈ ನಾಲ್ಕು ವರ್ಷಗಳಲ್ಲಿ ಗಾರ್ಗಿಯ ಕೆಲಸ ತಿಳಿದ ಮೇಲೆ ನಮ್ಮ ಕನ್ನಡದ ಮನೆಗಳಲ್ಲಿ ಅರಿಷಿಣ ಕುಂಕುಮಕ್ಕೆ ಅವಳನ್ನು ಕರೆಯುವುದು ನಿಂತಿತ್ತು. ನಿನಗೆ ಬರೆದಿರಲಿಲ್ಲ.

ಗಾರ್ಗಿಯ ಕಾರು ರಿಪೇರಿಗೆ ಹೋಗಿತ್ತು, ಮರುದಿನ ಅಜ್ಜಿಯನ್ನು ಇಟ್ಟಿದ್ದ, ಅವಳು ಕೆಲಸ ಮಾಡುವ ಜಾಗಕ್ಕೆ ನಾನೇ ಅವಳನ್ನು ಬಿಟ್ಟೆ. ಬಿಟ್ಟು ಹೊರಗೆ ಕೂತಿರುವುದು ಅಂತ ಲೆಕ್ಕ ಹಾಕಿದ್ದೆ. ಉಷಾ ಮತ್ತೆ ಅಂಥದೇ ಬಾಗಿಲಲ್ಲಿ ನಿಂತಿದ್ದಳು, ಎದೆಗೆ ಸೀರೆ ಚೀಲ ಅವುಚಿಕೊಂಡು. ಗಾರ್ಗಿ ಅವಳ ಕೈ ಹಿಡಿದಳು.

"ಆಂಟಿ, ಬನ್ನಿ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ನಿಮಗೆ ಏನು ಬೇಕು?"

ಉಷಾ ಅತ್ತಳು. ಆಮೇಲೆ "ಕುಂಕುಮ ನಾನೇ ಇಡ್ತೀನಿ ಕಣೇ" ಅಂದು ಒಳಗೆ ಕಾಲಿಟ್ಟಳು.

ಬಾಗಿಲು ಮುಚ್ಚುವ ಮೊದಲು ಗಾರ್ಗಿ ತಿರುಗಿ ನನ್ನನ್ನು ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ನಾನೇ ಎದ್ದೆ.

ಒಳಗೆ ತಣ್ಣಗಿತ್ತು, ಫಿನಾಯಿಲ್ ವಾಸನೆ, ಯಾರೋ ಇಟ್ಟ ಮಲ್ಲಿಗೆ. ಇಷ್ಟು ವರ್ಷ ಎಷ್ಟು ಮುದುಕಿಯರ ನಾಡಿ ನಿಂತದ್ದನ್ನು ನೋಡಿ ಬರೆದಿದ್ದೇನೋ. ಅವರಿಗೆ ಮುಂದೆ ಏನಾಗುತ್ತದೆ ಅಂತ ನೋಡಿದ್ದು ಅದೇ ಮೊದಲು. ಗಾರ್ಗಿ ಅಜ್ಜಿಗೆ ಹೇಳಿ ಹೇಳಿ ಕೆಲಸ ಮಾಡುತ್ತಾಳೆ: ಈಗ ಕೈ ಎತ್ತುತ್ತೇನೆ ಅಜ್ಜಿ, ಈಗ ಹೊರಳಿಸುತ್ತೇನೆ ಅಜ್ಜಿ. ಜಯಾಳಿಗೂ ಹೀಗೇ ಹೇಳಿರಬೇಕು.

ಸೀರೆ ಬಿಚ್ಚಿ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ನೆರಿಗಿ ಹಿಡಿ, ಅಪ್ಪಾ."

ಹಿಡಿದೆ. ಜಾರಿ ಬಿದ್ದೀತೆಂದು ಮುಷ್ಟಿ ಬಿಗಿ ಮಾಡಿದೆ.

"ಅಷ್ಟು ಗಟ್ಟಿ ಹಿಡೀಬ್ಯಾಡೋ, ರೇಶ್ಮಿ ಹರದೀತು" ಅಂದಳು. ಅಕ್ಕಾ, ಥೇಟ್ ನಿನ್ನ ದನಿ.

ಪಾಂಡು